ಎಳೆಯದೆ ಉಳಿದ ಗೆರೆ

ಹಾವಿನ ದ್ವೇಷ ಹನ್ನೆರಡು ವರ್ಷ ಅಂತಾರೆ. ನನ್ನದು ಇಪ್ಪತ್ತೆರಡು ವರ್ಷ ಬಾಳಿಕೆ ಬಂತು. ಹೇಳಿಕೊಳ್ಳಲು ನನಗೆ ನಾಚಿಕೆಯೇನೂ ಇಲ್ಲ. ಕ್ಷಮಿಸುವುದು ದೊಡ್ಡ ಗುಣ ಎಂದು ಉಪದೇಶ ಮಾಡುವವರನ್ನು ಬೇಕಾದಷ್ಟು ಕಂಡಿದ್ದೇನೆ. ಅವರಲ್ಲಿ ಯಾರ ಅವ್ವನನ್ನೂ ಹನ್ನೊಂದು ಹೆಂಗಸರ ಮುಂದೆ ನಿಲ್ಲಿಸಿ ಕಣ್ಣು ಕೆಟ್ಟವಳು ಎಂದು ಯಾರೂ ಕರೆದಿರಲಿಲ್ಲ.

ನನ್ನ ಅವ್ವ ಸಂಡೂರಿನ ಗುಡ್ಡದ ಮೇಲೆ ಒಂದು ಮ್ಯಾಂಗನೀಸ್ ಗಣಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಆ ಗಣಿ ಈಗಿಲ್ಲ. ಆ ಗುಡ್ಡದ ಹೊಟ್ಟೆಯಲ್ಲಿ ಎರಡು ಕಲ್ಲು ಅಕ್ಕಪಕ್ಕ ಇದ್ದವು. ಒಂದು ಕರಿ, ಅಂದರೆ ಮ್ಯಾಂಗನೀಸ್. ಇನ್ನೊಂದು ಕೆಂಪು, ಅಂದರೆ ಕಬ್ಬಿಣದ ಅದಿರು. ಈಗಿನವರು ನಂಬಲಿಕ್ಕಿಲ್ಲ, ನಮ್ಮ ಗಣಿಯಲ್ಲಿ ಆ ಕಾಲಕ್ಕೆ ಕರಿಗೆ ಮಾತ್ರ ಬೆಲೆ, ಕೆಂಪು ಬರೀ ಕಸ. ಗಂಡಸರು ಹಾರೆ ಹಾಕಿ ಗುಂಡುಕಲ್ಲು ಎಬ್ಬಿಸುತ್ತಿದ್ದರು. ಹೆಂಗಸರು ಸಣ್ಣ ಸುತ್ತಿಗೆಯಿಂದ ಅದನ್ನು ಮುಷ್ಟಿ ಗಾತ್ರಕ್ಕೆ ಒಡೆದು, ಕರಿಯನ್ನು ರಾಶಿಗೆ ಹಾಕಿ, ಕೆಂಪನ್ನು ಬುಟ್ಟಿಯಲ್ಲಿ ಹೊತ್ತು ಗಣಿಯ ಪಕ್ಕದ ಕೊರಕಲಿಗೆ ಸುರಿಯುತ್ತಿದ್ದರು.

ಕರಿ, ಕೆಂಪು ಎಂದು ಬರೆಯುವುದು ಸುಲಭ, ಗುಡ್ಡದಲ್ಲಿ ಅದು ಅಷ್ಟು ಸುಲಭ ಇರಲಿಲ್ಲ. ಒಡೆದ ಕೂಡಲೆ ಕಬ್ಬಿಣದ ಕಲ್ಲೂ ಒಮ್ಮೊಮ್ಮೆ ಕಪ್ಪಗೆ ಹೊಳೆಯುತ್ತದೆ. ಬಿಸಿಲುಗಾಲದಲ್ಲಿ ಧೂಳು ಕೂತರೆ ಕರಿ ಕಲ್ಲೂ ಕೆಂಪಗೇ ಕಾಣುತ್ತದೆ. ಕಲ್ಲು, ಕೈಕಾಲು, ಸೀರೆ, ಬುತ್ತಿಯ ರೊಟ್ಟಿ, ಎಲ್ಲಾ ಒಂದೇ ಬಣ್ಣ. ಅದಕ್ಕೇ ಪ್ರತಿ ಹೆಂಗಸಿನ ಸೊಂಟದ ಸಂಚಿಯಲ್ಲಿ ಎಲೆ ಅಡಿಕೆಯ ಜೊತೆ ಒಂದು ಪಿಂಗಾಣಿ ಚೂರು ಇರುತ್ತಿತ್ತು. ಕರೆಂಟು ಕಂಬದ ಮೇಲಿನ ಬಿಳಿ ಪಿಂಗಾಣಿ ಇರುತ್ತದಲ್ಲ, ಅದು ಒಡೆದಾಗ ಸಿಗುವ ಚೂರು. ಅದರ ಒಡಕಿನ ಒರಟು ಮೈಗೆ ಕಲ್ಲನ್ನು ಉಜ್ಜಿದರೆ ಗೆರೆ ಬೀಳುತ್ತದೆ. ಕಬ್ಬಿಣದ ಗೆರೆ ಕುಂಕುಮದಂತೆ, ಮ್ಯಾಂಗನೀಸಿನ ಗೆರೆ ಕಾಡಿಗೆಯಂತೆ. ಮೇಲಿನ ಧೂಳು ಎಷ್ಟೇ ಸುಳ್ಳು ಹೇಳಲಿ, ಗೆರೆ ಸುಳ್ಳು ಹೇಳುವುದಿಲ್ಲ.

ಗ್ಯಾಂಗಿನ ರಾಶಿ ಅಳತೆಯಾಗುವ ದಿನ ಅಲ್ಲೊಂದು ಪದ್ಧತಿ ಇತ್ತು. ಮೇಸ್ತ್ರಿ ರಾಶಿಯೊಳಗೆ ಕೈ ಹಾಕಿ ತನಗೆ ಬೇಕಾದ ಒಂದು ಕಲ್ಲು ತೆಗೆಯಬೇಕು. ಗ್ಯಾಂಗಿನ ಹಿರಿಯಾಳು ತನ್ನ ಚೂರು ಕೊಡಬೇಕು. ಮೇಸ್ತ್ರಿ ಎಲ್ಲರ ಎದುರು ಗೆರೆ ಎಳೆದು ಬಣ್ಣ ಹೇಳಬೇಕು. ಕರಿ ಎಂದರೆ ಪೆಟ್ಟಿಗೆ ಇಟ್ಟು ಅಳತೆ ಶುರು. ಹನ್ನೆರಡು ಜನರ ನಮ್ಮ ಗ್ಯಾಂಗಿಗೆ ಅವ್ವನೇ ಹಿರಿಯಾಳು. ವಯಸ್ಸಿನಿಂದಲ್ಲ, ಅವಳಿಗೆ ಆಗ ಮೂವತ್ತರ ಆಸುಪಾಸು. ಅವಳ ಕಣ್ಣಿನಿಂದ ಆ ಸ್ಥಾನ ಬಂದಿತ್ತು. ಅವ್ವ ಉಜ್ಜಿ ಹಾಕಿದ ರಾಶಿಯಲ್ಲಿ ಕೆಂಪು ಹುಡುಕುವುದೆಂದರೆ ಮೊಸರಿನಲ್ಲಿ ಕಲ್ಲು ಹುಡುಕಿದಂತೆ ಎಂದು ಗಂಡಸರೇ ಹೇಳುತ್ತಿದ್ದರು.

ಒಂದು ವರ್ಷ ಮೇಸ್ತ್ರಿಯ ಭಾಮೈದ ಪಕ್ಕದ ಗುಂಡಿಯಲ್ಲಿ ಗ್ಯಾಂಗು ಇಟ್ಟಿದ್ದ. ಅವನ ಕಲ್ಲು ಅರ್ಧಕ್ಕರ್ಧ ಕಸ. ಅದನ್ನು ನಮ್ಮ ರಾಶಿಯಲ್ಲಿ ಬೆರೆಸಿ ಅಳೆಸಿಬಿಡೋಣ ಎಂದು ಮೇಸ್ತ್ರಿ ಅವ್ವನಿಗೆ ಹೇಳಿದ. ಅವ್ವ ಆಗುವುದಿಲ್ಲ ಎಂದಳು. ಇಷ್ಟೇ ಅವಳ ತಪ್ಪು.

ಅಳತೆಯ ದಿನ ಬೇಸಿಗೆ ರಜೆ, ನಾನೂ ಗುಡ್ಡದಲ್ಲಿದ್ದೆ. ಹತ್ತು ವರ್ಷದವಳು. ಒಂದು ತಿಂಗಳ ರಾಶಿ, ಹನ್ನೆರಡು ಹೆಂಗಸರ ದುಡಿಮೆ, ಮನೆಯಷ್ಟು ಎತ್ತರ ಬಿದ್ದಿತ್ತು. ಗಣಿಯ ಸಾಹೇಬರ ಜೀಪು ಬಂತು. ಸಾಹೇಬ ಇಳಿಯಲೂ ಇಲ್ಲ. ಮೇಸ್ತ್ರಿ ರಾಶಿಗೆ ಕೈ ಹಾಕಿದವನು ಎರಡು ಕಲ್ಲು ಎತ್ತಿ ದೂರದಿಂದಲೇ ತೋರಿಸಿ, ಎಲ್ಲಾ ಕೆಂಪು ಮಾಲು ಎಂದ. ಅವ್ವ ಸಂಚಿಯಿಂದ ಚೂರು ತೆಗೆದು ಮುಂದೆ ಹಿಡಿದಳು.

"ಉಜ್ಜಿ ನೋಡ್ರಿ ಮೇಸ್ತ್ರಿ. ಒಂದ ಗೆರಿ ಎಳೀರಿ."

"ಗೆರಿ ಎಳಿಯಾಕ ನಾ ಏನ್ ಸಾಲಿ ಹುಡುಗ ಏನಬೇ? ನಿನ್ನ ಕಣ್ಣ ಕೆಟ್ಟಾವ. ಕಣ್ಣ ಕೆಟ್ಟಾಕಿನ್ನ ನಂಬಿ ಇವರೆಲ್ಲಾ ಹಾಳಾದ್ರು."

ಚೂರು ಹಿಡಿದ ಅವ್ವನ ಕೈ ಹಾಗೇ ಇತ್ತು. ಜೀಪು ತಿರುಗಿ ಹೋಯಿತು. ಆ ಇಡೀ ರಾಶಿಯನ್ನು ಅದೇ ಹೆಂಗಸರ ಕೈಯಿಂದ ಬುಟ್ಟಿಯಲ್ಲಿ ಹೊರಿಸಿ ಕೊರಕಲಿಗೆ ಸುರಿಸಿದರು. ಎರಡು ದಿನ ಹಿಡಿಯಿತು. ಅವ್ವನೂ ಹೊತ್ತಳು. ಮೂರನೆಯ ದಿನ ಅವಳಿಗೆ ಕೆಲಸ ಇಲ್ಲ ಎಂದರು.

ಮೇಸ್ತ್ರಿ ಮಾಡಿದ್ದು ಅನ್ಯಾಯ. ಅದಕ್ಕಿಂತ ಹೆಚ್ಚು ಸುಟ್ಟದ್ದು ಆ ಹನ್ನೊಂದು ಜನ ಅವನನ್ನು ನಂಬಿದ್ದು. ತಿಂಗಳ ದುಡಿಮೆ ಹೋದ ಸಿಟ್ಟು ಯಾರ ಮೇಲಾದರೂ ತೀರಬೇಕಲ್ಲ, ಮೇಸ್ತ್ರಿಯ ಮೇಲೆ ತೀರಿಸುವಂತಿಲ್ಲ. ಅವ್ವನ ಜೊತೆ ಒಂದೇ ಸಂಚಿಯ ಎಲೆ ಅಡಿಕೆ ತಿನ್ನುತ್ತಿದ್ದ ಗೆಳತಿಯೊಬ್ಬಳಿದ್ದಳು, ನಾನು ಅವಳನ್ನು ಚಿಗವ್ವ ಎನ್ನುತ್ತಿದ್ದೆ. ಅವಳು ನಮ್ಮ ಗುಡಿಸಲ ಮುಂದೆ ನಿಂತು, ನಿನ್ನ ಕಣ್ಣು ನಂಬಿ ನನ್ನ ಮಕ್ಕಳು ಉಪವಾಸ ಬಿದ್ದರು ಎಂದು ನೆಲಕ್ಕೆ ಉಗುಳಿ ಹೋದಳು. ಅಪ್ಪ ಮೊದಲೇ ಇರಲಿಲ್ಲ. ಒಂದು ಟ್ರಂಕು, ಎರಡು ಪಾತ್ರೆ ತೆಗೆದುಕೊಂಡು ನಾವು ಹೊಸಪೇಟೆಗೆ ಇಳಿದೆವು.

ಹೊಸಪೇಟೆಯಲ್ಲಿ ಅವ್ವನಿಗೆ ಸಿಕ್ಕಿದ್ದು ಅಕ್ಕಿ ಅಂಗಡಿಯಲ್ಲಿ ಕಲ್ಲು ಆರಿಸುವ ಕೆಲಸ. ಕೆಲಸ ಹೆಚ್ಚೇನೂ ಬದಲಾಗಲಿಲ್ಲ, ಕಲ್ಲು ಸಣ್ಣದಾಯಿತು ಅಷ್ಟೆ. ಅಂಗಡಿಯ ಯಜಮಾನರು ತಮ್ಮ ಮನೆಯ ಮದುವೆಯ ಅಕ್ಕಿಯನ್ನು ಅವಳ ಕೈಯಿಂದಲೇ ಕೇರಿಸುತ್ತಿದ್ದರು. ಆದರೂ ಅವ್ವ ಒಂದು ಮೊರ ಮುಗಿಸಿದ ಮೇಲೆ ಅದನ್ನೇ ಮತ್ತೊಮ್ಮೆ ನೋಡುವಳು, ಆಮೇಲೆ ಇನ್ನೊಮ್ಮೆ. ಒಂದು ಸಲ ಯಾಕವ್ವಾ ಎಂದು ಕೇಳಿದೆ. ಕಣ್ಣು ನಿಜಕ್ಕೂ ಕೆಟ್ಟಿತ್ತೋ ಏನೋ ಎಂದಳು. ಮೇಸ್ತ್ರಿ ಕಿತ್ತುಕೊಂಡದ್ದು ಕೂಲಿಯನ್ನಷ್ಟೇ ಅಲ್ಲ ಎಂದು ನನಗೆ ಗೊತ್ತಾದದ್ದು ಆವತ್ತು. ಅವನನ್ನು ಒಂದು ದಿನ ಅವಳ ಎದುರು ತಂದು ನಿಲ್ಲಿಸುತ್ತೇನೆ ಎಂದು ಆವತ್ತೇ ತೀರ್ಮಾನ ಮಾಡಿದೆ. ಸಾಲೆಯಲ್ಲಿ ಚೆನ್ನಾಗಿ ಓದಿದ್ದೂ ಅದಕ್ಕೇ. ಸರಸ್ವತಿಗೆ ಬೇಜಾರಾದರೆ ಆಗಲಿ.

ಗುಡ್ಡದೊಳಗಿನ ಕರಿ ಕಲ್ಲಿನ ಪಟ್ಟಿ ತೀರಿತು, ಗಣಿ ಮುಚ್ಚಿತು. ಹತ್ತು ಹದಿನೈದು ವರ್ಷ ಆ ಗುಡ್ಡವನ್ನು ಮೇಕೆಗಳು ಆಳಿದವು. ಆಮೇಲೆ ಎರಡು ಸಾವಿರದ ಹೊತ್ತಿಗೆ ಚೀನಾಕ್ಕೆ ಕಬ್ಬಿಣದ ಹಸಿವು ಹುಟ್ಟಿತು, ನಮ್ಮೂರಿಗೆ ಹುಚ್ಚು ಹಿಡಿಯಿತು. ನಮ್ಮವರು ಕಸವೆಂದು ಸುರಿದ ಕೆಂಪು ಮಣ್ಣಿಗೇ ಬೆಲೆ ಬಂತು. ಹೊಲದಲ್ಲಿ ಶೇಂಗಾ ಬಿತ್ತುತ್ತಿದ್ದವರು ಅದೇ ಹೊಲವನ್ನು ಅಗೆದು ಮಾರಿದರು. ಹಂಪಿ ನೋಡಲು ಬಂದ ಪರದೇಶದವರು ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಮೂಗಿಗೆ ಕರ್ಚೀಫು ಕಟ್ಟಿಕೊಳ್ಳುತ್ತಿದ್ದರು. ಟಿಪ್ಪರುಗಳ ಸಾಲು ಮಲಪನಗುಡಿಯ ಹಳೇ ಬಾವಿಯ ಮೆಟ್ಟಿಲಿನವರೆಗೆ ಕೆಂಪು ಬಳಿದಿತ್ತು. ಮೇಸ್ತ್ರಿ ಈಗ ಮೇಸ್ತ್ರಿಯಲ್ಲ, ಅದಿರಿನ ವ್ಯಾಪಾರಿ. ಸಂಡೂರು ರಸ್ತೆಯಲ್ಲಿ ಸ್ವಂತ ಯಾರ್ಡು, ಊರಲ್ಲಿ ಮೂರಂತಸ್ತಿನ ಮನೆ, ಮನೆಯ ಮುಂದೆ ಎರಡು ಕಾರು. ನಾನು ಸ್ಕೂಟಿಯಲ್ಲಿ ಆ ಮನೆಯ ಮುಂದೆ ಹಾದಾಗಲೆಲ್ಲ ಹಾರ್ನ್ ಬಾರಿಸುತ್ತಿದ್ದೆ. ಏನೂ ಉಪಯೋಗವಿಲ್ಲ, ಆದರೂ ಒಂದು ಸಮಾಧಾನ.

ನಾನಾಗ ಒಂದು ಖಾಸಗಿ ಪ್ರಯೋಗಶಾಲೆಯಲ್ಲಿ ಅದಿರಿನ ಸ್ಯಾಂಪಲ್ ತೆಗೆಯುವ ಕೆಲಸದಲ್ಲಿದ್ದೆ. ಯಾರ್ಡಿನಲ್ಲಿ ಬಿದ್ದ ರಾಶಿಯ ಬೇರೆ ಬೇರೆ ಕಡೆಯಿಂದ ಅದಿರು ತೆಗೆದು, ಒಟ್ಟು ಮಾಡಿ, ರೊಟ್ಟಿಯಂತೆ ತಟ್ಟಿ, ನಾಲ್ಕು ಭಾಗ ಮಾಡಬೇಕು. ಎದುರುಬದುರಿನ ಎರಡು ಭಾಗ ಬಿಸಾಡಿ, ಉಳಿದ ಎರಡನ್ನು ಮತ್ತೆ ಕೂಡಿಸಿ ತಟ್ಟಬೇಕು. ಕೊನೆಗೆ ಉಳಿದದ್ದನ್ನು ಮೂರು ಪೊಟ್ಟಣ ಕಟ್ಟುತ್ತೇವೆ. ಮಾರುವವನಿಗೆ ಒಂದು, ಕೊಳ್ಳುವವನಿಗೆ ಒಂದು, ಜಗಳ ಬಂದರೆ ನೋಡಲು ಸೀಲು ಹಾಕಿದ್ದು ಇನ್ನೊಂದು. ಪೊಟ್ಟಣ ಏನು ಹೇಳುತ್ತದೋ ಇಡೀ ರಾಶಿಯ ಹಣೆಬರಹ ಅದೇ. ಸ್ವಲ್ಪ ನೋಡಿ ತಗೊಳ್ರಿ ಮೇಡಂ ಎಂದು ಯಾರ್ಡಿನವರು ಹೇಳುವುದು ಮಾಮೂಲು. ಅವರು ತೋರಿಸಿದ ಕಡೆ ಸಲಿಕೆ ಒಂದೆರಡು ಸಲ ಹೆಚ್ಚು ಹೋದದ್ದುಂಟು. ನಾನು ಗಂಗೆಯಲ್ಲಿ ಮಿಂದವಳೇನಲ್ಲ.

ಒಂದು ಬೆಳಿಗ್ಗೆ ಮೇಸ್ತ್ರಿಯ ಯಾರ್ಡಿನಿಂದ ಫೋನು ಬಂತು. ಬ್ಯಾಗಿಗೆ ಒಂದು ಹಿಡಿ ಬಿಳಿ ಮರಳು ಹಾಕಿಕೊಂಡು ಹೊರಟೆ. ಸ್ಯಾಂಪಲ್ಲಿನಲ್ಲಿ ಅಷ್ಟು ಮರಳು ಬೆರೆತರೆ ಸಾಕು, ಅವನ ಅದಿರು ಮೂರು ಕಾಸಿಗೆ ಬೀಳುತ್ತದೆ. ಅದನ್ನು ಹಾಕುತ್ತಿದ್ದೆನೇ ಎಂದರೆ, ಖಂಡಿತ ಹಾಕುತ್ತಿದ್ದೆ.

ಅವನಿಗೆ ನನ್ನ ಗುರುತು ಸಿಗಲಿಲ್ಲ. ಬಿಳಿ ಅಂಗಿ, ಬೆರಳಿಗೆ ಹವಳ. ಕುರ್ಚಿ ಹಾಕಿಸಿದ, ಮಜ್ಜಿಗೆ ತರಿಸಿದ, ಮೇಡಂ ಎಂದ. ಬಲಗಡೆಯ ಮಾಲು ಚಲೋ ಐತಿ, ಅಲ್ಲಿ ತಗೊಳ್ರಿ ಎಂದ. ಎಲ್ಲಿಯ ಮಾಲು ಎಂದು ಕೇಳಿದೆ. ಮುಚ್ಚಿದ ಹಳೇ ಗಣಿಯ ಕೊರಕಲಿನದು, ತಾನೇ ಮುಂದೆ ನಿಂತು ಮಷೀನು ಹಾಕಿಸಿ ತೋಡಿಸಿದ್ದು ಎಂದು ಎದೆ ಉಬ್ಬಿಸಿ ಹೇಳಿದ.

ಮಜ್ಜಿಗೆ ಹಾಗೇ ಬಿಟ್ಟು ಎದ್ದೆ. ಜೀವನದಲ್ಲಿ ಅಷ್ಟು ನಿಯತ್ತಿನಿಂದ ನಾನು ಯಾವತ್ತೂ ಸ್ಯಾಂಪಲ್ ತೆಗೆದಿರಲಿಲ್ಲ. ನಿಯಮದ ಪ್ರಕಾರ ಎಲ್ಲಾ ಕಡೆ, ಮೇಲೆ, ನಡುವೆ, ಬುಡದಲ್ಲಿ. ಎಡಗಡೆ ಬುಡದಲ್ಲಿ ಸಲಿಕೆ ಗಟ್ಟಿಯಾಗಿ ತಾಗಿತು. ಕೈ ಹಾಕಿ ತೆಗೆದರೆ ಮುಷ್ಟಿ ಗಾತ್ರದ ಕಲ್ಲು, ಅದರ ಪಕ್ಕ ಅದೇ ಗಾತ್ರದ ಇನ್ನೊಂದು, ಇನ್ನೂ ಒಂದು. ಎಲ್ಲಾ ಧೂಳು ಹಿಡಿದು ಕೆಂಪಗಿದ್ದವು. ಮಷೀನು ಒಡೆದ ಕಲ್ಲು ಹಾಗೆ ಇರುವುದಿಲ್ಲ. ಇವುಗಳ ಮೈಮೇಲೆ ಸಣ್ಣ ಸುತ್ತಿಗೆಯ ಏಟು ಎಣಿಸುವಂತೆ ಕಾಣುತ್ತಿತ್ತು. ನನ್ನ ಬ್ಯಾಗಿನಲ್ಲೂ ಒಂದು ಪಿಂಗಾಣಿ ಬಿಲ್ಲೆ ಇತ್ತು, ಕಾಲೇಜಿನಲ್ಲಿ ಖನಿಜ ಪರೀಕ್ಷೆಗೆ ಕೊಡುವಂಥದ್ದು. ಉಜ್ಜಿದೆ. ಕಾಡಿಗೆ. ಎರಡನೆಯದೂ ಕಾಡಿಗೆ. ಒಂದಾದ ಮೇಲೊಂದು ಇಪ್ಪತ್ತು ಕಲ್ಲು ಉಜ್ಜಿದೆ. ಒಂದರಲ್ಲೂ ಕುಂಕುಮ ಬರಲಿಲ್ಲ. ಅವ್ವನ ರಾಶಿ ಇಪ್ಪತ್ತೆರಡು ವರ್ಷ ಆ ಕೊರಕಲಿನಲ್ಲಿ ಹಾಗೇ ಮಲಗಿತ್ತು. ನನಗೆ ಅಳು ಬಂತು. ಕಣ್ಣಿಗೆ ಧೂಳು ಬಿತ್ತು ಎಂದು ಒರೆಸಿಕೊಂಡೆ. ಮರಳನ್ನು ದಾರಿಯಲ್ಲಿ ಚರಂಡಿಗೆ ಚೆಲ್ಲಿದೆ.

ಕಬ್ಬಿಣ ಕೊಳ್ಳುವವನಿಗೆ ಅದರಲ್ಲಿ ಮ್ಯಾಂಗನೀಸು ಹೆಚ್ಚಿರಬಾರದು. ಪರೀಕ್ಷೆಯಲ್ಲಿ ಬಂದದ್ದು ನೋಡಿ ಕೊಳ್ಳುವವನು ರಾಶಿ ಬೇಡವೆಂದ. ಮೇಸ್ತ್ರಿ ಜಗಳ ತೆಗೆದ. ಸೀಲಿನ ಪೊಟ್ಟಣವನ್ನು ಬೇರೆ ಊರಿನಲ್ಲಿ ಪರೀಕ್ಷೆ ಮಾಡಿಸಿದ. ಅದೂ ಅದನ್ನೇ ಹೇಳಿತು. ಕರಿ ತೆಗೆದು ಕೊಟ್ಟರೆ ನೋಡೋಣ, ಅದೂ ಹಡಗು ಹೊರಡುವುದರೊಳಗೆ ಎಂದು ಕೊಳ್ಳುವವನು ಗಡುವು ಕೊಟ್ಟ. ಮೇಸ್ತ್ರಿ ಇಪ್ಪತ್ತು ಆಳು ಹಚ್ಚಿ ಆರಿಸಿಸಿದ. ಅವರಿಗೆ ಗೊತ್ತಿದ್ದದ್ದು ಬಣ್ಣ ಒಂದೇ, ಕಪ್ಪಗೆ ಹೊಳೆದದ್ದನ್ನೆಲ್ಲ ಎತ್ತಿ ಬಿಸಾಡಿದರು. ಹಾಗೆ ಒಳ್ಳೇ ಕಬ್ಬಿಣವೇ ಹೊರಗೆ ಹೋಗಿ ಕರಿ ಒಳಗೇ ಉಳಿಯಿತು. ಗೆರೆ ಎಳೆಯಲು ಅವರಿಗೆ ಯಾರು ಕಲಿಸಬೇಕು? ಆ ಪದ್ಧತಿಯನ್ನು ಕೊಂದವನೇ ಅವರ ಧಣಿ.

ಕೊನೆಗೆ ಪ್ರಯೋಗಶಾಲೆಗೆ ಬಂದು ನನ್ನ ಮೇಜಿನ ಮುಂದೆ ಕೂತ, ಏನಾದರೂ ದಾರಿ ಹೇಳ್ರಿ ಮೇಡಂ ಎಂದ. ಆ ಗಣಿಯ ಹಳೇ ಹೆಂಗಸರು ಮಾತ್ರ ಇದನ್ನು ಆರಿಸಬಲ್ಲರು ಎಂದೆ. ಅವರನ್ನೆಲ್ಲಾ ಎಲ್ಲಿ ಹುಡುಕಲಿ ಎಂದ. ಅವರ ಹಿರಿಯಾಳು ನನ್ನ ಅವ್ವ ಎಂದೆ. ಅವನು ನನ್ನ ಮುಖ ನೋಡಿದ. ನಿಧಾನಕ್ಕೆ ನೋಡಲಿ ಎಂದು ನಾನೂ ಮುಖ ತಿರುಗಿಸಲಿಲ್ಲ. ಆ ಎರಡು ನಿಮಿಷಕ್ಕಾಗಿ ನಾನು ಬಿ.ಎಸ್ಸಿ. ಮಾಡಿದ್ದು ಎಂದರೂ ತಪ್ಪಿಲ್ಲ.

ಮರುದಿನ ಮನೆಗೆ ಬಂದ. ಅವ್ವನಿಗೆ ನಾನು ಎಲ್ಲಾ ಮೊದಲೇ ಹೇಳಿ, ಒಂದು ಕಲ್ಲನ್ನೂ ತಂದುಕೊಟ್ಟಿದ್ದೆ. ಅವಳು ಅದನ್ನು ಸಂಜೆಯೆಲ್ಲಾ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಈಗ ಬರ್ರಿ, ಕುಂದ್ರಿ ಎಂದು ನೀರು ಕೊಟ್ಟಳು. ಅವನು ನೀರು ಕುಡಿದು, ಆಗ ತಪ್ಪಾಯಿತು, ನಿಮ್ಮ ಕಲ್ಲು ಚಲೋ ಇದ್ದವು ಎಂದು ನೆಲ ನೋಡುತ್ತಾ ಗೊಣಗಿದ.

"ಇಲ್ಲಿ ಬ್ಯಾಡ್ರಿ," ಎಂದಳು ಅವ್ವ. "ಅವತ್ತ ಯಾರ ಮುಂದ ಅಂದ್ರಿ, ಅವರ ಮುಂದ ಆಗ್ಲಿ. ಬಾಯಿಲೆ ಬ್ಯಾಡ, ಗೆರಿ ಎಳದು ಹೇಳ್ರಿ."

ಅವನು ಒಪ್ಪಿದ. ಗೆರೆ ಎಳೆಯುವುದರಲ್ಲಿ ಖರ್ಚೇನಿದೆ ಎಂದುಕೊಂಡಿರಬೇಕು. ಮಾಲು ಆರಿಸುವ ಕೆಲಸ ಅವತ್ತೇ ಶುರು ಮಾಡುತ್ತೀರಲ್ಲ ಎಂದು ಕೇಳಿದ. ಅವ್ವ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಸಂಚಿ ಬಿಚ್ಚಿ ಒಂದು ಅಡಿಕೆ ಹೋಳು ಬಾಯಿಗೆ ಹಾಕಿಕೊಂಡಳು. ಅವನು ಅದನ್ನು ಒಪ್ಪಿಗೆ ಎಂದು ತಿಳಿದ. ನಾನೂ ಹಾಗೇ ತಿಳಿದೆ, ಮತ್ತು ಒಳಗೊಳಗೇ ಕುದ್ದೆ.

ಹನ್ನೊಂದು ಜನರಲ್ಲಿ ಉಳಿದವರು ಆರೇ. ಅವ್ವ ತಾನೇ ಬಸ್ಸು ಹತ್ತಿ ಹೋಗಿ ಕರೆದಳು. ಇಬ್ಬರು ಸಂಡೂರಿನ ಹತ್ತಿರ, ಇಬ್ಬರು ಮಲಪನಗುಡಿಯಲ್ಲಿ, ಒಬ್ಬಳು ಬುಕ್ಕಸಾಗರದಲ್ಲಿ ಮಗಳ ಮನೆಯಲ್ಲಿ. ಕೊನೆಯವಳು ಕಂಪ್ಲಿಯಲ್ಲಿ, ಚಿಗವ್ವ. ಅವಳ ಮನೆಯ ಮುಂದೆ ಅವ್ವ ಒಳಗೆ ಹೋಗದೆ ರಸ್ತೆಯಲ್ಲೇ ನಿಂತು, ನಾಡಿದ್ದು ಅಳತೆ ಐತಿ, ಬಾ ಎಂದಷ್ಟೇ ಹೇಳಿದಳಂತೆ.

ಬೆಳಿಗ್ಗೆ ಹತ್ತಕ್ಕೆ ಯಾರ್ಡಿನಲ್ಲಿ ಆರು ಮುದುಕಿಯರು ರಾಶಿಯ ಮುಂದೆ ಸಾಲಾಗಿ ಕೂತರು, ಹಿಂದೆ ಅಳತೆಯ ದಿನ ಕೂರುತ್ತಿದ್ದ ಹಾಗೆ. ಟಿಪ್ಪರ್ ಡ್ರೈವರುಗಳು, ಕ್ಲೀನರುಗಳು ಏನೋ ಪೂಜೆಯಿರಬೇಕೆಂದು ಬಂದು ನಿಂತರು. ಅವ್ವ ಸಂಚಿಯಿಂದ ಚೂರು ತೆಗೆದು ಮುಂದೆ ಹಿಡಿದಳು. ಅದೇ ಚೂರು. ಮೇಸ್ತ್ರಿ ರಾಶಿಗೆ ಕೈ ಹಾಕಿದ, ಬುಡದಿಂದ ಒಂದು ಕಲ್ಲು ತೆಗೆದ. ಮಂಡಿ ಬಾಗದು, ಒದ್ದಾಡಿ ಕೂತ. ಮೇಲೆ ಮೇಲೆ ಒಂದು ಗೆರೆ ಎಳೆದ. ಒತ್ತಿ ಎಳೀರಿ ಎಂದಳು ಅವ್ವ. ಒತ್ತಿ ಎಳೆದ.

ಕರಿ ಎಂದ, ಮೀಸೆಯೊಳಗೆ. ಚಿಗವ್ವನಿಗೆ ಈಗ ಕಿವಿ ಮಂದ. ಏನಂದ ಎಂದು ಪಕ್ಕದವಳನ್ನು ಕೇಳಿದಳು. ಪಕ್ಕದವಳು ತನಗೂ ಕೇಳಲಿಲ್ಲ ಎಂದಳು. ಅವಳ ಕಿವಿ ಚೆನ್ನಾಗಿಯೇ ಇತ್ತು. ಅವನು ಮತ್ತೆ ಹೇಳಿದ. ಇನ್ನೂ ಜೋರಾಗಿ ಎಂದು ಇನ್ನೊಬ್ಬಳು ಕೈಸನ್ನೆ ಮಾಡಿದಳು.

"ಕರಿ," ಎಂದು ಯಾರ್ಡೆಲ್ಲಾ ಕೇಳುವಂತೆ ಕೂಗಿದ ಮೇಸ್ತ್ರಿ. "ಅವತ್ತೂ ಕರಿನ ಇತ್ತು. ಈಕಿ ಕಣ್ಣ ಕೆಟ್ಟಿರಲಿಲ್ಲ. ನಾ ಸುಳ್ಳ ಹೇಳಿದ್ದೆ."

ಡ್ರೈವರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚೂರು ಆರು ಜನರ ಕೈಯಿಂದ ಕೈಗೆ ದಾಟಿತು. ಪ್ರತಿಯೊಬ್ಬಳೂ ಗೆರೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಚಿಗವ್ವ ಮಾತ್ರ ಅದನ್ನು ಬಹಳ ಹೊತ್ತು ಹಿಡಿದುಕೊಂಡಿದ್ದು, ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅವ್ವ ಅವಳ ಕೈಯಿಂದ ಚೂರು ತೆಗೆದುಕೊಂಡು ಸಂಚಿಯಲ್ಲಿಟ್ಟಳು, ಸೀರೆ ಕೊಡವಿಕೊಂಡು ಎದ್ದಳು. ಉಳಿದವರೂ ಎದ್ದರು. ಗೇಟಿನ ಕಡೆ ನಡೆದರು.

ಮೇಸ್ತ್ರಿ ನೆಲಕ್ಕೆ ಕೈಯೂರಿ ಏಳುತ್ತಾ, ಯವ್ವಾ, ಆರಿಸೋದು ಎಂದ. ಅವ್ವ ನಿಂತು ತಿರುಗಿದಳು.

"ಆರಿಸ್ತೀನಿ ಅಂತ ನಾ ಯಾವಾಗ ಅಂದೆ? ಇಪ್ಪತ್ತೆರಡು ವರ್ಷ ಕಣ್ಣ ಕೆಟ್ಟಾಕಿ ಆಗಿ ಬಾಳೇ ಮಾಡೇನ್ರಿ ಮೇಸ್ತ್ರಿ. ಅಂಥಾಕಿ ಕೈಲೆ ಆರಿಸಿದ್ರ ನಿಮ್ಗ ಲುಕ್ಸಾನ ಆಗ್ತದ."

ಅವನು ನನ್ನ ಕಡೆ ನೋಡಿದ. ನಾನು ಅವನಿಗೆ ಅವತ್ತು ತೋರಿಸಿದ ನಗು ನನ್ನ ಜೀವನದ ಅತ್ಯಂತ ನಿಜವಾದ ನಗು. ಇಷ್ಟು ವರ್ಷ ದ್ವೇಷ ಕಾಯ್ದವಳು ನಾನೊಬ್ಬಳೇ ಎಂದುಕೊಂಡಿದ್ದೆನಲ್ಲ, ನಾನು ಅವಳ ಮಗಳು ಎಂಬುದನ್ನೇ ಮರೆತಿದ್ದೆ.

ಎಲ್ಲರೂ ಒಂದೇ ಟೆಂಪೋದಲ್ಲಿ ವಾಪಸ್ ಹೊರಟೆವು. ಸ್ವಲ್ಪ ದೂರ ಬಂದ ಮೇಲೆ ಚಿಗವ್ವ ಕೇಳದೆಯೇ ಅವ್ವನ ಸೊಂಟಕ್ಕೆ ಕೈ ಹಾಕಿ ಸಂಚಿ ಬಿಚ್ಚಿ ಎಲೆ ತೆಗೆದುಕೊಂಡಳು. ಅವ್ವ ಸುಣ್ಣದ ಡಬ್ಬಿ ಮುಂದೆ ಹಿಡಿದಳು.

ಹಡಗು ಹೋಯಿತು, ರಾಶಿ ಉಳಿಯಿತು. ಮೇಸ್ತ್ರಿ ಅದನ್ನು ಮಾರಲು ಇನ್ನೂ ಕೆಲವು ಸಲ ಒದ್ದಾಡಿದ. ಆಮೇಲೆ ಒಂದು ದಿನ ಕೋರ್ಟಿನ ಆದೇಶ ಬಂದು ಎಲ್ಲರ ಗಣಿಯೂ ನಿಂತಿತು, ಯಾರ್ಡುಗಳೆಲ್ಲಾ ಬಣಗುಟ್ಟಿದವು. ಈಗ ಆ ರಾಶಿಯ ಮೇಲೆ ಹುಲ್ಲು ಬಂದಿದೆ, ಒಂದು ಜಾಲಿ ಗಿಡವೂ ಎದ್ದಿದೆ. ಅಯ್ಯೋ ಪಾಪ ಅನ್ನಿಸಲಿಲ್ಲವೇ ಎಂದು ನನ್ನ ಗೆಳತಿ ಕೇಳಿದಳು. ಅನ್ನಿಸಲಿಲ್ಲ. ಆ ರಸ್ತೆಯಲ್ಲಿ ಹೋದಾಗಲೆಲ್ಲ ಗಾಡಿ ನಿಧಾನ ಮಾಡಿ ನೋಡಿಕೊಂಡೇ ಮುಂದೆ ಹೋಗುತ್ತೇನೆ.

ಅವ್ವ ಮತ್ತೆ ಆ ವಿಷಯ ಎತ್ತಿದ್ದು ಒಂದೇ ಸಲ. ಮೊರದಲ್ಲಿ ಅಕ್ಕಿ ಹರವಿಕೊಂಡು ಕೂತವಳು, ಆ ರಾಶಿ ಇನ್ನೂ ಅಲ್ಲೇ ಐತೇನು ಎಂದು ಕೇಳಿದಳು. ಐತಿ ಎಂದೆ.

"ಇರ್ಲಿ," ಎಂದಳು. ಮೊರವನ್ನು ಒಂದೇ ಸಲ ನೋಡಿ, ಅಕ್ಕಿಯನ್ನು ಡಬ್ಬಿಗೆ ಸುರಿದಳು.